ಲೈಟಿಗೆ 16 ಆಂಪ್ ಸ್ವಿಚ್ ಹಾಕಿದ್ದಕ್ಕೆ ನಕ್ಕಿದ್ದರು

"ಶಾಣ್ಯಾ ಅದಾನ್ರಿ ಇವಾ, ಲೈಟ್ ಪಾಯಿಂಟಿಗೆ 16 ಆಂಪ್ ಸ್ವಿಚ್ ಹಾಕ್ತಾನಂತ!" ಬೆಳಗಾವಿಯ ಖಡೇಬಜಾರದ ಅಂಗಡಿ ಮುಂದೆ ನಮ್ಮ ವೈರ್‌ಮನ್‌ಗಳೇ ನಕ್ಕಿದ್ದರು. ಲೈಟಿಗೆ ಸಾಮಾನ್ಯವಾಗಿ 6 ಆಂಪ್ ಸ್ವಿಚ್ಚೇ, 16 ಆಂಪ್ ಅಂದರೆ ಗೀಸರಿನಂಥ ಭಾರಕ್ಕೆ. ಎರಡು ಮಳೆಗಾಲ ಕಳೆಯಿತು. ಆ ಸ್ವಿಚ್ಚು ಇನ್ನೂ ಟಕ್ ಅಂತ ಬೀಳುತ್ತಿದೆ.

ಮನೆ ಶಹಾಪುರದ್ದು. ಹಳೇ ಗೋಡೆ, ಹೊಸ ಫಾಲ್ಸ್ ಸೀಲಿಂಗ್. ಹಾಲ್‌ನಲ್ಲಿ 12 ವ್ಯಾಟಿನ 22 ಎಲ್‌ಇಡಿ, ಎಲ್ಲಾ ಒಂದೇ ಸ್ವಿಚ್ಚಿಗೆ. ಲೆಕ್ಕ ಹಾಕಿದರೆ ಒಂದು ಆಂಪ್ ಚಿಲ್ಲರೆ. 6 ಆಂಪಿನ ಸ್ವಿಚ್ಚಿಗೆ ಅದೇನು ಭಾರ ಅಂತ ನಾನೂ ಸುಮ್ಮನಿದ್ದೆ. ಸ್ವಿಚ್ ಮನೆ ಮಾಲೀಕ ಕಾಕಾ ಅವರೇ ತಂದದ್ದು, 15-18 ರೂಪಾಯಿಯದ್ದು. ಐಎಸ್‌ಐ ಗುರುತು ಇರಲಿಲ್ಲ.

ಮೂರ್ನಾಲ್ಕು ತಿಂಗಳಿಗೆ ಲೈಟ್ ಮಿಣಮಿಣ ಅನ್ನತೊಡಗಿತು. ಡ್ರೈವರ್, ಅಂದರೆ ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಡಬ್ಬಿ, ಹೋಗಿರಬೇಕು ಅಂತ ನಾಲ್ಕು ಬದಲಿಸಿದೆ. ಸುಮಾರು 1,000 ರೂಪಾಯಿ ನನ್ನ ಕಿಸೆಯಿಂದಲೇ ಹೋಯಿತು. ಆಮೇಲೆ ಅದೇ ಜಾತಿಯ ಸ್ವಿಚ್ ಮತ್ತೊಂದು ಹಾಕಿದೆ. ದಡ್ಡತನ. ಆಷಾಢದ ಮಳೆಯಲ್ಲಿ ಕಾಕಾ ಫೋನ್ ಮಾಡಿದರು: "ತಮ್ಮಾ, ಸ್ವಿಚ್ ಮ್ಯಾಲೆ ಮಾಡೀನಿ, ಲೈಟ್ ಆರವಲ್ವು."

ಪ್ಲೇಟ್ ಬಿಚ್ಚಿದರೆ ಮೀನು ಸುಟ್ಟಂಥ ವಾಸನೆ. ಒಳಗೆ ತಾಗಿ ಕರೆಂಟ್ ಕೂಡಿಸುವ ಎರಡೂ ಪಾಯಿಂಟ್ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬೆಳ್ಳಿ ತುದಿ ಹೆಸರಿಗೂ ಇಲ್ಲ. ಸ್ಕ್ರೂ ತುಕ್ಕು ಹಿಡಿದಿತ್ತು, ಅರ್ಧ ಇಂಚು ವೈರಿನ ಕವಚ ಕಪ್ಪಾಗಿತ್ತು. ಎಲ್‌ಇಡಿಗೆ ಓಡುವಾಗ ಕರೆಂಟ್ ಕಡಿಮೆ, ನಿಜ. ಆದರೆ ಹಾಕಿದ ಕ್ಷಣ 22 ಡ್ರೈವರ್‌ಗಳೊಳಗೆ ಕರೆಂಟ್ ತುಂಬಿಕೊಳ್ಳುವ ಕೆಪಾಸಿಟರ್ ಒಟ್ಟಿಗೇ ಬಾಯಿ ತೆರೆಯುತ್ತವೆ ಅಲ್ವಾ, ಆ ಹೊಡೆತಕ್ಕೆ ಪಾಯಿಂಟ್ ಸುಡುತ್ತದೆ. ಜೊತೆಗೆ ಬೆಳಗಾವಿಯ ತೇವದ ಗೋಡೆ.

ನಾನು ಮಾಡಿದ್ದು ಇಷ್ಟು. 22 ಲೈಟನ್ನು ಮೂರು ಗುಂಪು ಮಾಡಿದೆ. ಎರಡಕ್ಕೆ ಒಳ್ಳೆಯ 6 ಆಂಪ್ ಸ್ವಿಚ್. ಮೂರನೆಯದಕ್ಕೆ ಸ್ಟ್ರಿಪ್ ಲೈಟೂ ಸೇರಿದ್ದರಿಂದ 16 ಆಂಪ್. ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಮಾತ್ರ ವೈರಿಗೆ ತಕ್ಕದ್ದೇ, ಅದನ್ನು ಏರಿಸಲಿಲ್ಲ. ವೈರ್ ತುದಿ ಮಡಚಿ ಬಿಗಿದು, ತಿಂಗಳ ನಂತರ ಹೋಗಿ ಇನ್ನೊಮ್ಮೆ ಬಿಗಿದೆ. ಹಿಂದಿನವರು ಎರಡು ಕಡೆ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರ್) ಬಿಟ್ಟು ನ್ಯೂಟ್ರಲ್‌ನಲ್ಲಿ (ವಾಪಸ್ ಹೋಗುವ ವೈರ್) ಕೊಟ್ಟಿದ್ದರು. ಆರಿಸಿದರೂ ಹೋಲ್ಡರ್‌ನಲ್ಲಿ ಫೇಸ್ ಇತ್ತು. ಅದನ್ನೂ ಸರಿಮಾಡಿದೆ. ಬಾಕ್ಸಿನೊಳಗೆ ತೇವ ಬಾರದಂತೆ ಏನು ಮಾಡಿದೆ ಅಂತ ಹೇಳುವುದಿಲ್ಲ, ಅದು ಹೊಟ್ಟೆಪಾಡು. ಎಲ್ಲಾ ಸೇರಿ 1,400 ಚಿಲ್ಲರೆ ಬಿಲ್ ಆಯಿತು.

ಕೈ ತುರಿಸಿ ಮನೆಯಲ್ಲೂ ಒಂದಷ್ಟು ನೋಡಿದೆ. ಅಗ್ಗದ ಐದು ಸ್ವಿಚ್‌ಗಳ ಟರ್ಮಿನಲ್‌ಗೆ ಅಯಸ್ಕಾಂತ ಹಿಡಿದೆ. ನಾಲ್ಕಕ್ಕೆ ಗಪ್ಪನೆ ಅಂಟಿತು. ಮೇಲೆ ಹಿತ್ತಾಳೆ ಬಣ್ಣ, ಒಳಗೆ ಕಬ್ಬಿಣ. ಪ್ಲಾಸ್ಟಿಕ್ ಚೂರಿಗೆ ಅಂಗಳದಲ್ಲಿ ಬೆಂಕಿ ತಾಗಿಸಿದೆ. ಒಳ್ಳೆಯದು ಕಡ್ಡಿ ತೆಗೆದಾಗ ಆರಿತು, ಅಗ್ಗದ್ದು ಉರಿಯುತ್ತಾ ತೊಟ್ಟಿಕ್ಕಿತು. ಎಷ್ಟು ಬಾಳುತ್ತದೆ ನೋಡೋಣ ಅಂತ ಮಗನಿಗೆ ಸಾವಿರ ಸಲ ಒತ್ತಲು ಹೇಳಿದೆ. ಮುನ್ನೂರಕ್ಕೆ ಕ್ರಿಕೆಟ್‌ಗೆ ಓಡಿದ.

ಅವತ್ತು ನಕ್ಕವರಲ್ಲಿ ಒಬ್ಬ ಮೊನ್ನೆ ಸ್ಟ್ರಿಪ್ ಲೈಟಿಗೆ ಯಾವ ಸ್ವಿಚ್ ಹಾಕಲಿ ಅಂತ ಕೇಳಿದ. ಕಾಕಾ ಮಾತ್ರ ಅಡುಗೆಮನೆಯ ಎರಡು ಹಳೇ ಸ್ವಿಚ್ ಬದಲಿಸಲು ಬಿಟ್ಟಿಲ್ಲ, "ಚೊಲೋ ನಡದಾವ ಬಿಡೋ" ಅಂತಾರೆ. ಆ ಎರಡು ನನ್ನ ಜವಾಬ್ದಾರಿ ಅಲ್ಲ ಅಂತ ಬಿಲ್ಲಿನ ಹಿಂದೆ ಬರೆದುಕೊಟ್ಟು ಬಂದಿದ್ದೇನೆ.