ಮೂರನೇ ಸಲ ಗೇರ್ ಬಾಕ್ಸ್ ಇಳಿಸಲಿಲ್ಲ

ಅರಬೈಲ್ ಘಟ್ಟ. ಸಾಣಿಕಟ್ಟಾದ ಉಪ್ಪಿನ ಲೋಡು. ಎರಡನೇ ಗೇರಿನಲ್ಲಿ ಇಂಜಿನ್ ಕೂಗುತ್ತೆ, ಲಾರಿ ಮಾತ್ರ ಆಮೆ. ಕ್ಲಚ್ ಸ್ಲಿಪ್: ಪ್ಲೇಟು ಜಾರುತ್ತೆ, ಇಂಜಿನ್ನಿನ ಶಕ್ತಿ ಚಕ್ರಕ್ಕೆ ಮುಟ್ಟಲ್ಲ. ರೇಸ್ ಕೊಟ್ಟಷ್ಟೂ ಸುಟ್ಟ ವಾಸನೆ. ಹಿಂದೆ ಸಾಲುಗಟ್ಟಿದ್ದ ಟ್ಯಾಂಕರ್‌ನವರು ಬೈದದ್ದನ್ನು ಇಲ್ಲಿ ಬರೆಯೋಕಾಗಲ್ಲ.

ನನ್ನದು 2007ರ ಆರು ಚಕ್ರದ ಗಾಡಿ, ಹೈಡ್ರಾಲಿಕ್ ಕ್ಲಚ್. ಅಂದರೆ ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ತಳ್ಳುತ್ತೆ, ಆ ಒತ್ತಡಕ್ಕೆ ಕೆಳಗಿನ ಸ್ಲೇವ್ ಸಿಲಿಂಡರ್ ರಿಲೀಸ್ ಬೇರಿಂಗನ್ನು ಒತ್ತಿ ಕ್ಲಚ್ ಬಿಡಿಸುತ್ತೆ. ಹುಬ್ಬಳ್ಳಿಗೆ ಬಂದವನೇ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಎಲ್ಲ ಹೊಸದು ಹಾಕಿಸಿದೆ. ಫ್ಲೈವೀಲನ್ನೂ ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿದೆ. ಮಜೂರಿ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯ್ತು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಕಥೆ.

ಈ ಸಲ ಮಿಸ್ತ್ರಿ ತಪ್ಪನ್ನು ಇಂಜಿನ್ ಎಣ್ಣೆ ಕ್ಲಚ್ಚಿಗೆ ಸೋರದಂತೆ ತಡೆಯುವ ಕ್ರ್ಯಾಂಕ್ ಆಯಿಲ್ ಸೀಲ್ ಮೇಲೆ ಹಾಕಿದ. ಗೇರ್ ಬಾಕ್ಸ್ ಇಳಿಸಿ ನೋಡಿದರೆ ಒಳಗೆ ಒಂದು ಹನಿ ಎಣ್ಣೆ ಇಲ್ಲ. ಪ್ಲೇಟು ಒಣಗಿದೆ, ಆದರೆ ಸುಟ್ಟು ಕರಿಯಾಗಿದೆ. ಆದರೂ ಸೀಲ್ ಬದಲಿಸಿದ, ಇನ್ನೊಂದು ಪ್ಲೇಟ್ ಹಾಕಿದ. ಮತ್ತೆ ಏಳೆಂಟು ಸಾವಿರ. ಇದರ ನಡುವೆ ಒಬ್ಬ ಹಳೇ ಡ್ರೈವರ್ ಮಾತು ಕೇಳಿ ಕ್ಲಚ್ ಹೌಸಿಂಗ್ ತೂತಿನಿಂದ ನುಣ್ಣನೆ ಮಣ್ಣಿನ ಪುಡಿ ಬೇರೆ ಹಾಕಿದ್ದೆ. ಇಪ್ಪತ್ತು ಕಿಲೋಮೀಟರ್ ಗಾಡಿ ಎಳೀತು. ಆಮೇಲೆ ಪೆಡಲ್ ಒತ್ತಿದಾಗೆಲ್ಲ ಕರಕರ. ಪ್ಲೇಟಿಗೆ ಎಣ್ಣೆ ತಾಗಿದ್ದರೆ ಒಂದು ಮಾತು, ಒಣಗಿದ ಪ್ಲೇಟಿಗೆ ಮಣ್ಣು ಹಾಕಿ ಏನು ಉಪಯೋಗ? ನನ್ನದೇ ದಡ್ಡತನ.

ಹೊಸ ಪ್ಲೇಟ್ ಹಾಕಿ ಹದಿನೈದು ದಿನಕ್ಕೆ ಮತ್ತೆ ಸ್ಲಿಪ್. ಆಗ ಒಂದು ವಿಷಯ ಗಮನಿಸಿದೆ. ಬೆಳಗ್ಗೆ ಹುಬ್ಬಳ್ಳಿ ಬಿಡುವಾಗ ಗಾಡಿ ಹುಲಿ. ಕಲಘಟಗಿ ದಾಟಿ ಯಲ್ಲಾಪುರ ಹತ್ತಿರ ಬರುವಷ್ಟರಲ್ಲಿ ಬೆಕ್ಕು. ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಹುಲಿ. ಮಿಸ್ತ್ರಿಗೆ ಹೇಳಿದೆ. "ಕಾದ್ರ ಎಲ್ಲಾ ಪ್ಲೇಟೂ ಹಂಗ ರೀ ಮಾಲಕ್ರ, ಮತ್ತ ಇಳಸೂಣು" ಅಂದ. ನಾನು ಇಳಿಸೋದಿಲ್ಲ ಅಂದೆ.

ಮುಂದಿನ ಟ್ರಿಪ್‌ನಲ್ಲಿ, ವಾಪಸ್ ಬರುವಾಗ, ಯಲ್ಲಾಪುರ ದಾಟಿದ ಮೇಲೆ ಸ್ಲಿಪ್ ಶುರುವಾಯ್ತು. ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ಹೊಕ್ಕು ಸ್ಲೇವ್ ಸಿಲಿಂಡರಿನ ನಿಪ್ಪಲ್ (ಏರ್ ತೆಗೆಯುವ ತಿರುಪು) ಕಾಲು ಸುತ್ತು ಸಡಿಲ ಮಾಡಿದೆ. ಪೆಡಲ್ ಮೇಲೆ ಯಾರ ಕಾಲೂ ಇಲ್ಲ. ಆದರೂ ಆಯಿಲ್ ಚಿರ್ರ್ ಅಂತ ನನ್ನ ಕಿವಿಯ ಪಕ್ಕದಲ್ಲೇ ಚಿಮ್ಮಿತು. ತಕ್ಷಣ ಬಿಗಿ ಮಾಡಿ ಹೊರಟೆ. ಗಾಡಿ ಮತ್ತೆ ಹುಲಿ! ಹದಿನೈದು ಕಿಲೋಮೀಟರಿಗೆ ಮತ್ತೆ ಸ್ಲಿಪ್, ಮತ್ತೆ ಸಡಿಲ. ಹೀಗೆ ಮೂರು ಸಲ ಮಾಡಿ, ಆಯಿಲ್ ಸುರಿದುಕೊಂಡು, ಊರು ಮುಟ್ಟಿದೆ.

ಅಂದರೆ ಆಯಿಲ್ ಕಾದು ಹಿಗ್ಗುತ್ತಿದೆ, ಮೇಲಿನ ಆಯಿಲ್ ಡಬ್ಬಿಗೆ ವಾಪಸ್ ಹೋಗೋಕೆ ದಾರಿ ಇಲ್ಲ. ಪೆಡಲ್ ಬಿಟ್ಟರೂ ಬೇರಿಂಗು ಒತ್ತಿಕೊಂಡೇ ಇದೆ. ನಾನು ಒತ್ತದ ಕ್ಲಚ್ಚನ್ನು ಗಾಡಿ ತಾನೇ ಒತ್ತಿಕೊಳ್ಳುತ್ತಿತ್ತು.

ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಒಳಗಿನ ರಬ್ಬರಿನ ಕಪ್ ವಾಷರ್ ರಾತ್ರಿ ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ವಾಪಸ್ ಹೋಗುವ ಸಣ್ಣ ತೂತನ್ನು ಅದೇ ಮುಚ್ಚಿಕೊಂಡು ಕೂತಿತ್ತು. ಕ್ಲೀನರ್ ಹುಡುಗನನ್ನು ಕೇಳಿದೆ. ಮೊದಲು ಗೊತ್ತಿಲ್ಲ ಅಂದ. ಆಮೇಲೆ ಒಪ್ಪಿಕೊಂಡ: ಹಿಂದೊಮ್ಮೆ ದಾರಿಯಲ್ಲಿ ಬ್ರೇಕ್ ಆಯಿಲ್ ಸಿಗದೆ "ಸ್ವಲ್ಪ ಅಲ್ವಾ" ಅಂತ ಇಂಜಿನ್ ಆಯಿಲ್ ಹಾಕಿದ್ದನಂತೆ.

ಮಾಸ್ಟರ್, ಸ್ಲೇವ್ ಎರಡರ ರಬ್ಬರ್ ಕಿಟ್ಟೂ ಬದಲಿಸಿದೆ. ರಬ್ಬರ್ ಹೋಸನ್ನೂ ಬಿಡಲಿಲ್ಲ, ಅದೂ ಒಳಗೆ ಉಬ್ಬಿ ದಾರಿ ಕಟ್ಟುತ್ತೆ. ಹೊಸ ಬ್ರೇಕ್ ಆಯಿಲ್ ಬಿಟ್ಟು ಪೈಪೆಲ್ಲ ನಾಲ್ಕೈದು ಸಲ ತೊಳೆದೆ. ಪೆಡಲಿನಿಂದ ಮಾಸ್ಟರನ್ನು ತಳ್ಳುವ ಪುಶ್ ರಾಡಿಗೆ ಒಂದು ಮಿಲಿಮೀಟರಿನಷ್ಟು ಆಟ ಬಿಟ್ಟೆ. ಎಲ್ಲಾ ಸೇರಿ ಸಾವಿರದ ಐನೂರು ದಾಟಿಲ್ಲ. ಸಿಲಿಂಡರಿನ ಒಳಗೋಡೆ ಹೇಗೆ ಉಜ್ಜಿದೆ, ಪೆಡಲ್ ಒತ್ತೋಕೆ ಇನ್ನೊಬ್ಬನಿಲ್ಲದೆ ಏರ್ ಹೇಗೆ ತೆಗೆದೆ ಅನ್ನೋದು ನನ್ನ ಹತ್ರಾನೇ ಇರಲಿ.

ಹುಡುಗನಿಗೆ ತೋರಿಸಬೇಕು ಅಂತ ಒಂದು ಪ್ರಯೋಗವನ್ನೂ ಮಾಡಿದೆ. ಹಳೇ ಸ್ಟಾಕಿನ ಎರಡು ಹೊಸ ವಾಷರ್, ಎರಡು ಚಹಾ ಲೋಟ. ಒಂದರಲ್ಲಿ ಬ್ರೇಕ್ ಆಯಿಲ್, ಇನ್ನೊಂದರಲ್ಲಿ ಇಂಜಿನ್ ಆಯಿಲ್. ವಾರದ ಮೇಲೆ ಎರಡನೆಯದು ಉಬ್ಬಿ ಸಿಲಿಂಡರಿನೊಳಗೆ ಹೋಗಲೇ ಇಲ್ಲ. ಆ ಲೋಟಗಳನ್ನು ಮನೆಯವರು ಮತ್ತೆ ಅಡುಗೆಮನೆಗೆ ಸೇರಿಸಿಲ್ಲ.

ಎರಡನೇ ಸಲ ಹಾಕಿದ್ದ ಪ್ಲೇಟೇ ಈಗಲೂ ಓಡುತ್ತಿದೆ, ಹತ್ತಿರ ಹತ್ತಿರ ಮೂವತ್ತು ಸಾವಿರ ಕಿಲೋಮೀಟರ್ ಆಯ್ತು. ಅರಬೈಲ್‌ನಲ್ಲಿ ಉಪ್ಪು ಹೊತ್ತು ಏರುವಾಗಲೂ ವಾಸನೆ ಇಲ್ಲ. ಮಿಸ್ತ್ರಿ ನನ್ನೆದುರು ಇನ್ನೂ "ಅದೇನೋ ನಸೀಬು ರೀ" ಅಂತಾನೆ. ಆದರೆ ಸ್ಲಿಪ್ ಅಂತ ಯಾವ ಗಾಡಿ ಬಂದರೂ ಮೊದಲು ನಿಪ್ಪಲ್ ಸಡಿಲ ಮಾಡಿ ನೋಡ್ತಾನಂತೆ. ಗ್ಯಾರೇಜಿನ ಹುಡುಗನೇ ಹೇಳಿದ.