ಮನೆ ಮುಂದಿನ ರಸ್ತೆಯ ಬಿಲ್ ಮನೆಗೇ ಬಂದಾಗ

ಅಮೆರಿಕದ ಮಿನ್ನೆಸೋಟದಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿ ವಸಂತದಲ್ಲಿ ಕರಗುವ ನೀರು ಡಾಂಬರನ್ನು ಅಡಿಯಿಂದಲೇ ಎಬ್ಬಿಸಿಬಿಡುತ್ತದೆ. ಹಾಗಾಗಿ ಬಡಾವಣೆಯ ರಸ್ತೆಗಳನ್ನು ಕೆಲವು ದಶಕಗಳಿಗೊಮ್ಮೆ ಬುಡದಿಂದ ಹೊಸದಾಗಿ ಮಾಡಬೇಕಾಗುತ್ತದೆ. ಆ ಖರ್ಚಿನ ಒಂದು ಪಾಲನ್ನು ಅನೇಕ ನಗರಗಳು ಆ ರಸ್ತೆಯ ಅಕ್ಕಪಕ್ಕದ ಆಸ್ತಿಗಳ ಮಾಲೀಕರಿಂದಲೇ ಪ್ರತ್ಯೇಕವಾಗಿ ವಸೂಲು ಮಾಡುತ್ತವೆ. ಇದೇ ‘ಸ್ಪೆಷಲ್ ಅಸೆಸ್‌ಮೆಂಟ್’. ಇದರ ವಿಧಾನ ರಾಜ್ಯ ಕಾನೂನಿನ 429ನೇ ಅಧ್ಯಾಯದಲ್ಲಿದೆ. ಅಲ್ಲಿ ಮನೆ ಕೊಂಡಿರುವ ಕನ್ನಡಿಗರಿಗೆ ಈ ತರ್ಕ ತೀರ ಹೊಸದೇನಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯೂ, ಯೋಜನೆಯಿಂದ ಜಮೀನಿನ ಬೆಲೆ ಏರಿದರೆ ಆ ಏರಿಕೆಯ ಮೂರನೇ ಒಂದು ಭಾಗವನ್ನು ಬೆಟರ್‌ಮೆಂಟ್ ತೆರಿಗೆಯಾಗಿ ವಿಧಿಸಲು ಅವಕಾಶ ಕೊಡುತ್ತದೆ.

ಮೊದಲು ಬರುವುದು ಕಾಮಗಾರಿ ಕುರಿತ ಸಾರ್ವಜನಿಕ ವಿಚಾರಣೆಯ ನೋಟಿಸ್. ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ಅದನ್ನು ಅಂಚೆಗೆ ಹಾಕಿರಬೇಕು. ಅದು ಕೈಸೇರಿದೊಡನೆ ಎಂಜಿನಿಯರ್ ಸಿದ್ಧಪಡಿಸಿದ ಕಾರ್ಯಸಾಧ್ಯತಾ ವರದಿಯನ್ನು ನಗರ ಕಚೇರಿಯಿಂದ ಕೇಳಿ ಪಡೆಯಿರಿ. ಅಂದಾಜು ವೆಚ್ಚ ಅದರಲ್ಲಿರುತ್ತದೆ. ನಗರದ ಚುನಾಯಿತ ಮಂಡಳಿಯಾದ ಕೌನ್ಸಿಲ್ ತಾನಾಗಿಯೇ ಕೆಲಸ ಕೈಗೊಂಡಿದ್ದರೆ ಐದನೇ ನಾಲ್ಕರಷ್ಟು ಸದಸ್ಯರ ಒಪ್ಪಿಗೆ ಬೇಕು. ಮಾಲೀಕರೇ ಅರ್ಜಿ ಹಾಕಿದ್ದರೆ ಸರಳ ಬಹುಮತ ಸಾಕು, ಆದರೆ ಸಹಿ ಹಾಕಿದವರ ಬಳಿ ರಸ್ತೆಗೆ ತಾಗಿದ ಉದ್ದದ ಶೇ 35ರಷ್ಟಾದರೂ ಇರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ತಲೆಗಳಲ್ಲ, ಅಡಿಗಳು ಎಂಬುದನ್ನು ಗಮನಿಸಿ.

ಹಂಚಿಕೆಯನ್ನು ಕೆಲವು ನಗರಗಳು ನಿವೇಶನಕ್ಕಿಷ್ಟು ಎಂದು, ಕೆಲವು ವಿಸ್ತೀರ್ಣದ ಮೇಲೆ, ಇನ್ನು ಕೆಲವು ಮುಂಭಾಗದ ಅಡಿಯ ಮೇಲೆ ಮಾಡುತ್ತವೆ. ಉದಾಹರಣೆಗೆ, ಅಡಿಗೆ 90 ಡಾಲರ್ ದರವಿದ್ದು ನಿಮ್ಮ ನಿವೇಶನದ ಮುಂಭಾಗ 80 ಅಡಿಯಿದ್ದರೆ 7,200 ಡಾಲರ್ ಆಗುತ್ತದೆ. ಮೂಲೆ ನಿವೇಶನದವರು ಎರಡೂ ಬದಿಯನ್ನು ನಗರದವರು ಅಳೆದಿದ್ದಾರೆಯೇ ಎಂದು ನೋಡಿಕೊಳ್ಳಬೇಕು.

ಯಾವ ವಿಧಾನವಾದರೂ ಒಂದು ಮಿತಿಯಿದೆ: ಕಾಮಗಾರಿಯಿಂದ ನಿಮ್ಮ ಆಸ್ತಿಯ ಮಾರುಕಟ್ಟೆ ಬೆಲೆ ಎಷ್ಟು ಏರುತ್ತದೆಯೋ ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಸೇಂಟ್ ಪಾಲ್ ನಗರವು ರಸ್ತೆ ನಿರ್ವಹಣೆಗೆಂದು ಹಾಕುತ್ತಿದ್ದ ವಾರ್ಷಿಕ ಮೊತ್ತವು ತೆರಿಗೆಯಲ್ಲ, ಬರೀ ಶುಲ್ಕ, ಆದ್ದರಿಂದ ಈ ಮಿತಿ ತನಗೆ ಅನ್ವಯಿಸದು ಎಂದು ವಾದಿಸಿತ್ತು. ಚರ್ಚುಗಳು ಹೂಡಿದ್ದ ಆ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ಆ ವಾದವನ್ನು ಒಪ್ಪಲಿಲ್ಲ.

ಎರಡನೇ ವಿಚಾರಣೆ ಹಣದ್ದು, ಅದರ ನೋಟಿಸಿನಲ್ಲಿ ನಿಮ್ಮ ಪಾಲಿನ ಮೊತ್ತವೇ ನಮೂದಾಗಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಸಭೆಯಲ್ಲಿ ಎದ್ದು ನಿಂತು ಎಷ್ಟು ಖಾರವಾಗಿ ಮಾತನಾಡಿದರೂ ಅದು ಆಕ್ಷೇಪಣೆ ಎನಿಸುವುದಿಲ್ಲ. ಮಾಲೀಕರ ಸಹಿಯುಳ್ಳ ಲಿಖಿತ ಆಕ್ಷೇಪಣೆಯನ್ನು ವಿಚಾರಣೆಗೆ ಮುಂಚೆ ನಗರದ ದಾಖಲೆಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ ಸಿಟಿ ಕ್ಲರ್ಕ್‌ಗೆ ಸಲ್ಲಿಸಿರಬೇಕು, ಇಲ್ಲವೇ ಅಲ್ಲೇ ಸಭಾಧ್ಯಕ್ಷರ ಕೈಗೆ ಕೊಡಬೇಕು. ಎರಡು ಸಾಲಿನ ಕಾಗದವಾದರೂ ಸಾಕು; ವಿಳಾಸ, ಆಸ್ತಿಯ ಗುರುತಿನ ಸಂಖ್ಯೆ, ಈ ಮೊತ್ತ ನನ್ನ ಆಸ್ತಿಗೆ ಆಗುವ ಲಾಭವನ್ನು ಮೀರಿದೆ ಎಂಬ ಮಾತು ಮತ್ತು ಸಹಿ ಇರಲಿ. ಅದಿದ್ದರೆ ಮಾತ್ರ, ಮೊತ್ತ ಅಂಗೀಕಾರವಾದ 30 ದಿನಗಳೊಳಗೆ ಮೇಯರ್ ಅಥವಾ ಕ್ಲರ್ಕ್‌ಗೆ ಮೇಲ್ಮನವಿಯ ನೋಟಿಸ್ ಕೊಟ್ಟು, ಅಲ್ಲಿಂದ 10 ದಿನಗಳೊಳಗೆ ಜಿಲ್ಲಾ ನ್ಯಾಯಾಲಯದಲ್ಲಿ ದಾಖಲಿಸಬಹುದು. ಆದರೆ ಬೆಲೆ ಏರಿಲ್ಲವೆಂದು ಸಾಧಿಸಲು ಮೌಲ್ಯಮಾಪಕರ ವರದಿ ಬೇಕಾಗುತ್ತದೆ, ಅದರ ಖರ್ಚನ್ನೂ ತೂಗಿ ನೋಡಿಕೊಳ್ಳುವುದು ಒಳ್ಳೆಯದು.

ಕಟ್ಟುವುದೆಂದು ತೀರ್ಮಾನಿಸಿದರೆ, ಅಂಗೀಕಾರವಾದ 30 ದಿನಗಳೊಳಗೆ ಪೂರ್ತಿ ಕಟ್ಟಿದವರಿಗೆ ಬಡ್ಡಿಯಿಲ್ಲ. ಉಳಿದವರ ಕಂತುಗಳು ಆಸ್ತಿ ತೆರಿಗೆಯ ಬಿಲ್ಲಿಗೇ ಸೇರುತ್ತವೆ. ಮೇಲಿನ 7,200 ಡಾಲರನ್ನು ಹತ್ತು ವರ್ಷಕ್ಕೆ ಶೇ 5ರ ಬಡ್ಡಿಯಲ್ಲಿ ಹಂಚಿದರೆ, ಮೊದಲ ಪೂರ್ಣ ವರ್ಷಕ್ಕೆ ಅಸಲು 720, ಬಡ್ಡಿ 360, ಒಟ್ಟು 1,080 ಡಾಲರ್. ಮುಂದೆ ಬಡ್ಡಿ ವರ್ಷಕ್ಕೆ 36 ಡಾಲರಿನಂತೆ ಇಳಿಯುತ್ತದೆ. 65 ವರ್ಷ ದಾಟಿ, ಸ್ವಂತ ವಾಸದ ಮನೆಯಲ್ಲಿದ್ದು, ಕಟ್ಟಲು ಕಷ್ಟವಿರುವವರಿಗೆ ನಗರಗಳು ಮುಂದೂಡಿಕೆ ಕೊಡಬಹುದು; ಅದು ಮನ್ನಾ ಅಲ್ಲ, ಮನೆ ಮಾರಿದಾಗ ತೆರಬೇಕಾಗುತ್ತದೆ.

ಮನೆ ಕೊಳ್ಳುವವರು ಈಗಾಗಲೇ ವಿಧಿಸಿರುವ ಮೊತ್ತವನ್ನಷ್ಟೇ ಅಲ್ಲ, ಮಂಜೂರಾಗಿದ್ದೂ ಇನ್ನೂ ವಿಧಿಸದ ಮೊತ್ತವನ್ನೂ ನಗರ ಕಚೇರಿಯಲ್ಲಿ ವಿಚಾರಿಸಿ, ಅದನ್ನು ಮಾರುವವರು ಕಟ್ಟಬೇಕೋ ತಾವೋ ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.