ಮೊದಲ ಬೈಕ್ ಆರಿಸುವಾಗ ಅದು ನಿಂತಿರುವಾಗ ನೋಡಿ

ಕಳೆದ ತಿಂಗಳು ಅಕ್ಕನ ಮಗಳು ನನಗೊಂದು ಪಟ್ಟಿ ಕಳಿಸಿದಳು. ಹನ್ನೊಂದು ಬೈಕು. ಒಂದೊಂದರ ಮುಂದೆ ಸಿಸಿ, ಟಾಪ್ ಸ್ಪೀಡ್, ಮೈಲೇಜ್. "ಚಿಕ್ಕಮ್ಮಾ, ಇದರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳಿದ್ದಳು. ಇವುಗಳಲ್ಲಿ ಎಷ್ಟರ ಮೇಲೆ ಕೂತು ನೋಡಿದ್ದೀಯಾ ಅಂತ ಕೇಳಿದೆ. ಒಂದರ ಮೇಲೂ ಕೂತಿರಲಿಲ್ಲ.

ನಾನು ಬೈಕ್ ಓಡಿಸೋಕೆ ಶುರು ಮಾಡಿ 16 ವರ್ಷ ಆಯಿತು. ನನ್ನ ಮೊದಲ ಬೈಕನ್ನೂ ಹೀಗೇ ಅಂಕಿ ನೋಡಿ ಆರಿಸಿದ್ದೆ. ಸೀಟಿನ ಎತ್ತರ 815 ಮಿ.ಮೀ., ತೂಕ 170 ಕೆ.ಜಿ. ನನ್ನ ಎತ್ತರ 157 ಸೆಂ.ಮೀ. ಓಡುತ್ತಿದ್ದಾಗ ಏನೂ ತೊಂದರೆ ಇರಲಿಲ್ಲ. ಮೂರನೇ ದಿನ ಸ್ವಲ್ಪ ಇಳಿಜಾರಿದ್ದ ಕಡೆ ನಿಲ್ಲಿಸಿ ಎಡಗಾಲು ಕೆಳಗಿಟ್ಟೆ. ಹೆಬ್ಬೆರಳಿನ ತುದಿ ಮಾತ್ರ ನೆಲಕ್ಕೆ ತಾಗಿತು. ಗಾಡಿ ನಿಧಾನವಾಗಿ ವಾಲಿತು. ಒಂದು ಹಂತ ದಾಟಿ ವಾಲಿದ ಮೇಲೆ ಅಷ್ಟು ತೂಕವನ್ನು ತಡೆದು ನಿಲ್ಲಿಸೋಕೆ ಆಗುವುದಿಲ್ಲ. ಕ್ಲಚ್ ಲಿವರ್ ಮುರಿಯಿತು, ಇಂಡಿಕೇಟರ್ ಒಡೆಯಿತು. ಅದನ್ನೆಲ್ಲ ಒಂದು ದಿನದಲ್ಲಿ ಸರಿ ಮಾಡಿಸಿದೆ. ಆದರೆ ಎಲ್ಲಿ ನಿಲ್ಲಿಸಬೇಕಾಗುತ್ತೋ ಅನ್ನೋ ಭಯ ಆರು ತಿಂಗಳು ಹೋಗಲಿಲ್ಲ.

ಅದಕ್ಕೇ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲ ಬೈಕ್ ಆರಿಸುವಾಗ ಅದು 100ರಲ್ಲಿ ಹೇಗೆ ಓಡುತ್ತದೆ ಅನ್ನೋದು ಬೇಡ. ನಿಂತಿರುವಾಗ ಹೇಗಿದೆ, 20ಕ್ಕಿಂತ ಕಡಿಮೆ ವೇಗದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಿ. ಹೊಸಬರು ಒದ್ದಾಡುವುದು ಅಲ್ಲೇ. ಸಿಗ್ನಲ್ಲಿನಲ್ಲಿ ಹೊರಡುವಾಗ, ಯು ಟರ್ನ್ ಹೊಡೆಯುವಾಗ, ಏರಿನಲ್ಲಿ ನಿಂತು ಮತ್ತೆ ಹತ್ತುವಾಗ, ಇಕ್ಕಟ್ಟಿನ ಜಾಗದಿಂದ ಗಾಡಿ ಹಿಂದಕ್ಕೆ ತಳ್ಳುವಾಗ. ವೇಗ ಸಿಕ್ಕಿದ ಮೇಲೆ ಬೈಕ್ ಬಹುಮಟ್ಟಿಗೆ ತಾನೇ ನೆಟ್ಟಗೆ ಹೋಗುತ್ತದೆ.

ಗಾಡಿ ನೋಡೋಕೆ ಹೋಗುವ ಮೊದಲೇ ದುಡ್ಡಿನ ಲೆಕ್ಕ ಮುಗಿಸಿ. ಇರುವ ಹಣವನ್ನು ಹತ್ತು ಪಾಲು ಮಾಡಿ. ಏಳು ಪಾಲು ಬೈಕಿಗೆ. ಇನ್ಶೂರೆನ್ಸ್, ಹೆಸರು ಬದಲಾಯಿಸುವ ಖರ್ಚು ಎಲ್ಲ ಇದರೊಳಗೇ ಬರಬೇಕು. ಎರಡು ಪಾಲು ಹೆಲ್ಮೆಟ್, ಗ್ಲೌಸ್, ಜಾಕೆಟ್, ಕಾಲಿನ ಗಂಟು ಮುಚ್ಚುವ ಶೂಗೆ. ಒಂದು ಪಾಲು ಮೊದಲ ಸರ್ವಿಸಿಗೆ. ಇದು ನನ್ನದೇ ಲೆಕ್ಕ, ಆಚೀಚೆ ಮಾಡಿಕೊಳ್ಳಬಹುದು. ಆದರೆ ಇಷ್ಟವಾದ ಗಾಡಿ ಕಂಡಾಗ ಕೈ ಹೋಗುವುದು ಹೆಲ್ಮೆಟ್ಟಿನ ದುಡ್ಡಿಗೇ. ಅದನ್ನು ಮೊದಲೇ ಖರ್ಚು ಮಾಡಿಬಿಡಿ. ನಾವು ಮೊದಲು ಹೆಲ್ಮೆಟ್ ತಂದು ಆಮೇಲೆ ಬೈಕ್ ಹುಡುಕೋಕೆ ಹೊರಟೆವು.

ಬೈಕ್ ಸೆಕೆಂಡ್ ಹ್ಯಾಂಡ್ ಆಗಬಹುದು, ಹೆಲ್ಮೆಟ್ ಆಗಬಾರದು. ಒಳಗೆ ಥರ್ಮೋಕೋಲಿನ ಥರದ ಒಂದು ಪದರ ಇರುತ್ತದೆ. ಬಿದ್ದಾಗ ಅದು ಜಜ್ಜಿಹೋಗಿ ಪೆಟ್ಟನ್ನು ತಾನು ತಗೊಳ್ಳುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಹೊರಗಿನಿಂದ ನೋಡಿದರೆ ಅದು ಗೊತ್ತೂ ಆಗುವುದಿಲ್ಲ. ಪೂರ್ತಿ ಮುಖ ಮುಚ್ಚುವಂಥದ್ದೇ ತಗೊಳ್ಳಿ. ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಹದಿನೈದು ನಿಮಿಷ ಹಾಕಿಕೊಂಡೇ ಇರಿ. ಹಣೆಯಲ್ಲಿ ಒಂದೇ ಕಡೆ ನೋವು ಬಂದರೆ ಅದು ನಿಮ್ಮ ತಲೆಗೆ ಆಗಿಬರುವುದಿಲ್ಲ.

ಇನ್ನು ಬೈಕಿನ ಮೇಲೆ ಕೂರುವ ವಿಷಯ. ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಹೋಗಿ. ಕೂತು, ಸೈಡ್ ಸ್ಟ್ಯಾಂಡ್ ತೆಗೆದು, ಗಾಡಿ ನೆಟ್ಟಗೆ ಮಾಡಿ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಬೇಕು. ಒಂದು ಕಾಲಾದರೂ ಹಿಮ್ಮಡಿ ಸಮೇತ ಊರಿದರೆ ಇನ್ನೂ ಒಳ್ಳೆಯದು. ಕಾಗದದಲ್ಲಿ ಬರೆದ ಸೀಟಿನ ಎತ್ತರವನ್ನು ಪೂರ್ತಿ ನಂಬಬೇಡಿ. ಸೀಟು ಅಗಲ ಇದ್ದರೆ ತೊಡೆ ಹೊರಗೆ ಚಾಚಿ ಕಾಲು ಗಿಡ್ಡ ಆದ ಹಾಗಾಗುತ್ತದೆ. ಶಾಕ್ ಅಬ್ಸಾರ್ಬರ್ ಮೆತ್ತಗಿದ್ದರೆ ನಿಮ್ಮ ತೂಕಕ್ಕೆ ಸೀಟು ಇಳಿಯುತ್ತದೆ. 790 ಮಿ.ಮೀ. ಸೀಟಿನ ಮೇಲೆ ಕೂತು ಕಷ್ಟಪಟ್ಟವಳು 800ರ ಸೀಟಿನ ಮೇಲೆ ಆರಾಮಾಗಿ ಕೂತದ್ದನ್ನು ಕಣ್ಣಾರೆ ನೋಡಿದೆ. ಎರಡನೆಯದರ ಸೀಟು ಮುಂದೆ ಸಣ್ಣಗಿತ್ತು, ಅಷ್ಟೇ.

ಕೂತಲ್ಲೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ದೂರದ ಕೈ ಗ್ರಿಪ್ಪಿನ ಮೇಲೆ ಇರುತ್ತಾ, ಅಥವಾ ಮೈ ಮುಂದಕ್ಕೆ ಎಳೆಯುತ್ತಾ ನೋಡಿ. ಆಮೇಲೆ ಇಳಿದು ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಈ ಹತ್ತು ಹೆಜ್ಜೆಯಲ್ಲೇ ಪಟ್ಟಿಯಲ್ಲಿದ್ದ ಹನ್ನೊಂದು ಬೈಕು ನಾಲ್ಕಾದವು.

ಎಷ್ಟು ಸಿಸಿ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಊರೊಳಗೇ ಓಡಾಟ ಅಂದರೆ 110ರಿಂದ 160 ಸಾಕು. ಹೈವೇಯಲ್ಲಿ ದಿನಾ ಹೋಗಬೇಕು ಅಂದರೆ 250ರಿಂದ 400ರ ಒಳಗೆ ನೋಡಿ. ಆದರೆ ಸಿಸಿಗಿಂತ ನಾನು ನೋಡುವುದು ಇಂಜಿನ್ ಕಡಿಮೆ ಸುತ್ತಿನಲ್ಲಿ ಎಳೆಯುತ್ತಾ ಅನ್ನೋದನ್ನು. ಕ್ಲಚ್ ಬಿಡುವಾಗ ಹೆಚ್ಚುಕಮ್ಮಿ ಆದರೂ ಆಫ್ ಆಗದ ಇಂಜಿನ್ ಹೊಸಬರಿಗೆ ಧೈರ್ಯ ಕೊಡುತ್ತದೆ. ನಾಲ್ಕು ಸಿಲಿಂಡರಿನ 600 ಸಿಸಿ ಸ್ಪೋರ್ಟ್ಸ್ ಬೈಕುಗಳು 100 ಹಾರ್ಸ್‌ಪವರ್ ದಾಟುತ್ತವೆ. ಅಗ್ಗಕ್ಕೆ ಸಿಕ್ಕರೂ ಅವು ಕಲಿಯೋಕಲ್ಲ. ಗುಂಡಿಯಲ್ಲಿ ಮೈ ಎಗರಿದಾಗ ಬಲಗೈ ಚೂರು ತಿರುಗಿದರೆ ಸಾಕು, ಗಾಡಿ ಕೈಗೆ ಸಿಗುವುದಿಲ್ಲ.

ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ, ಸಿಕ್ಕರೆ ಬಿಡಬೇಡಿ. 1988ರಲ್ಲಿ ಬಿಎಂಡಬ್ಲ್ಯು ತನ್ನ ಕೆ100 ಬೈಕಿಗೆ ಇದನ್ನು ಹಾಕಿದಾಗ ಅದು ದುಬಾರಿ ಗಾಡಿಯ ಸೌಕರ್ಯ. ಈಗ ಸಣ್ಣ ಬೈಕುಗಳಲ್ಲೂ ಇದೆ. ಹೊಸಬರು ಗಾಬರಿಯಾದಾಗ ಮುಂದಿನ ಬ್ರೇಕನ್ನು ಒಮ್ಮೆಗೇ ಗಟ್ಟಿಯಾಗಿ ಹಿಡಿದುಬಿಡುತ್ತಾರೆ. ಮುಂದಿನ ಚಕ್ರ ಲಾಕ್ ಆದರೆ ಬೀಳುವ ಮುಂಚೆ ಯೋಚಿಸೋಕೂ ಸಮಯ ಇರುವುದಿಲ್ಲ. ಎಬಿಎಸ್ ಇರುವ, ಬಣ್ಣ ಮಾಸಿದ ಗಾಡಿ ಮತ್ತು ಎಬಿಎಸ್ ಇಲ್ಲದ, ಫಳಫಳ ಅನ್ನುವ ಗಾಡಿ ಒಂದೇ ಬೆಲೆಗೆ ಸಿಕ್ಕರೆ ನಾನು ಮಾಸಿದ್ದನ್ನೇ ತಗೊಳ್ಳುತ್ತೇನೆ.

ಮೈತುಂಬ ಪ್ಲಾಸ್ಟಿಕ್ ಹೊದಿಸಿದ ಗಾಡಿ ಬೇಡ. ಮೊದಲ ವರ್ಷ ನಿಂತಲ್ಲೇ ಒಮ್ಮೆಯಾದರೂ ಬೀಳಿಸುವ ಸಾಧ್ಯತೆ ಜಾಸ್ತಿ. ಬರೀ ಇಂಜಿನ್ ಕಾಣುವ ಸಾದಾ ಬೈಕಿಗೆ ಲಿವರ್, ಕನ್ನಡಿ ಹೋಗಬಹುದು. ಪ್ಲಾಸ್ಟಿಕ್ ಒಡೆದರೆ ಖರ್ಚು ಕೈ ಕಚ್ಚುತ್ತದೆ. ಹಾಗೇ, ತುಂಬಾ ಜನ ಓಡಿಸುವ ಮಾಡೆಲ್ಲೇ ಆರಿಸಿ. ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ಮೆಕ್ಯಾನಿಕ್‌ಗೆ ಕೈ ಪಳಗಿರುತ್ತದೆ, ಮಾರುವಾಗಲೂ ಬೇಗ ಹೋಗುತ್ತದೆ.

ಹೊಸದೋ ಹಳೆಯದೋ ಅಂದರೆ, ಬಜೆಟ್ ಬಿಗಿ ಇದ್ದವರಿಗೆ ಹಳೆಯದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಒಂದೆರಡು ವರ್ಷದಲ್ಲಿ ನಿಮಗೇ ಬೇರೆ ಬೈಕ್ ಬೇಕು ಅನ್ನಿಸುತ್ತದೆ. ಹಳೆಯದನ್ನು ಕೊಂಡವರು ಮಾರುವಾಗ ಕಳೆದುಕೊಳ್ಳುವುದು ಕಡಿಮೆ. ಆದರೆ ನೋಡಿ ಕೊಳ್ಳಬೇಕು.

ಹಗಲು ಹೊತ್ತಿನಲ್ಲೇ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ನಾವು ನೋಡಿದ ಮೊದಲ ಗಾಡಿಯ ಇಂಜಿನ್ನಿನ ಹತ್ತಿರ ಅಂಗೈ ಹಿಡಿದೆ, ಕಾವು ಹೊಡೆಯಿತು. ಈಗ ತಾನೇ ಒಂದು ರೌಂಡ್ ಹೋಗಿ ಬಂದೆ ಅಂದರು. ಬಿಸಿ ಇಂಜಿನ್ ಸಾಮಾನ್ಯವಾಗಿ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ತೊಂದರೆ ಇದ್ದರೆ ಗೊತ್ತಾಗುವುದು ತಣ್ಣಗಿದ್ದಾಗ. ಮರುದಿನ ಬೆಳಿಗ್ಗೆ ಬರುತ್ತೇವೆ ಅಂದೆ. ಆಗ ಬೇಡ, ಬೇರೆಯವರು ಕೇಳಿದ್ದಾರೆ ಅಂದರು. ಅಲ್ಲಿಗೆ ಬಿಟ್ಟೆವು.

ತಣ್ಣಗೆ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತು ನೋಡಿ. ನೀಲಿ ಹೊಗೆ ಬರುತ್ತಲೇ ಇದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇದು ಸರಿ ಹೋಗುವಂಥದ್ದು. ಚಳಿಯಲ್ಲಿ ಒಂದೆರಡು ನಿಮಿಷ ಬಿಳಿ ಹಬೆ ಬಂದರೆ ಚಿಂತೆ ಇಲ್ಲ. ಆಯಿಲ್ ಹಾಲುಹಾಲಾಗಿ ಕಂಡರೆ ನೀರು ಸೇರಿದೆ. ಅಂಥ ಗಾಡಿ ಬೇಡವೇ ಬೇಡ.

ಟೈರಿನ ಪಕ್ಕದಲ್ಲಿ ಡಾಟ್ (DOT) ಅನ್ನೋ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಸವೆಯದೇ ಇದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರದ) ಹಿಂಬದಿಯಲ್ಲಿ ಹಿಡಿದು ಹೊರಕ್ಕೆ ಎಳೆಯಿರಿ. ಎದ್ದು ಅರ್ಧ ಹಲ್ಲು ಕಂಡರೆ, ಅಥವಾ ಹಲ್ಲುಗಳು ಕೊಕ್ಕೆಯ ಹಾಗೆ ಒಂದೇ ಕಡೆ ಬಾಗಿದ್ದರೆ ಚೈನ್ ಸೆಟ್ ಹೋಗಿದೆ. ಇವೆರಡೂ ಬಿಟ್ಟುಬಿಡೋಕೆ ಕಾರಣ ಅಲ್ಲ, ಬೆಲೆ ಇಳಿಸೋಕೆ ಕಾರಣ.

ಮೂರನೇ ಗಾಡಿ ನೋಡೋಕೆ ಚೆನ್ನಾಗಿತ್ತು. ಹೊಸ ಗ್ರಿಪ್, ಹೊಸ ಕನ್ನಡಿ. ಮಧ್ಯದ ಸ್ಟ್ಯಾಂಡ್ ಹಾಕಿ, ಹಿಂದಿನ ಸೀಟು ಒತ್ತಿ ಹಿಡಿ ಅಂತ ಅವಳಿಗೆ ಹೇಳಿದೆ. ಮುಂದಿನ ಚಕ್ರ ನೆಲ ಬಿಟ್ಟಿತು. ಒಂದೇ ಬೆರಳಿನಲ್ಲಿ ಹ್ಯಾಂಡಲ್ಲನ್ನು ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗಿಸಿದೆ. ನಡುವೆ ಬಂದಾಗ ಯಾವುದೋ ಸಣ್ಣ ಗುಳಿಗೆ ಇಳಿದ ಹಾಗೆ ಟಕ್ ಅಂತ ಕೂತಿತು. ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಹೋಗಿತ್ತು. ಅದೊಂದೇ ಆಗಿದ್ದರೆ ಬದಲಾಯಿಸಬಹುದಿತ್ತು. ಆದರೆ ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯೋಕೆ ಫ್ರೇಮಿನ ಕುತ್ತಿಗೆಯಲ್ಲಿ ಎರಡು ಗುಬ್ಬಿಗಳು, ಅಂದರೆ ಸಣ್ಣ ಉಬ್ಬುಗಳು, ಇರುತ್ತವೆ. ಟಾರ್ಚ್ ಬಿಟ್ಟು ನೋಡಿದರೆ ಬಲಗಡೆಯದು ಜಜ್ಜಿಹೋಗಿತ್ತು. ಬಲಗಡೆಯ ಫುಟ್‌ರೆಸ್ಟಿನ ತುದಿಯೂ ಉಜ್ಜಿತ್ತು. ಗಾಡಿ ಜೋರಾಗಿಯೇ ಬಿದ್ದಿದೆ. ಕನ್ನಡಿ ಬದಲಾಯಿಸಬಹುದು, ಗುಬ್ಬಿ ಬದಲಾಯಿಸೋಕೆ ಆಗುವುದಿಲ್ಲ. ನೀವೂ ಆ ಎರಡು ಗುಬ್ಬಿಗಳನ್ನು ನೋಡದೆ ದುಡ್ಡು ಕೊಡಬೇಡಿ.

ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆಗಳನ್ನು) ಐದಾರು ಸಲ ಒತ್ತಿ, ಅದರ ಹೊಳೆಯುವ ಭಾಗಕ್ಕೆ ಬಿಳಿ ಕಾಗದ ಒರೆಸಿ. ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಮೀಟರ್ ಕಡಿಮೆ ತೋರಿಸಿ ಬ್ರೇಕ್ ಪೆಡಲ್ಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ. ಚಾಸಿ ನಂಬರ್, ಇಂಜಿನ್ ನಂಬರ್ ಕಾಗದದ ಜೊತೆ ಅಂಕಿ ಅಂಕಿ ಹೋಲಿಸಿ. ನಂಬರಿನ ಸುತ್ತ ಉಜ್ಜಿದ ಗುರುತಿದ್ದರೆ ಮಾತು ಬೆಳೆಸದೆ ಹೊರಡಿ. ಸಾಲ ತೀರಿದೆ ಅನ್ನೋದಕ್ಕೂ ಕಾಗದ ಕೇಳಿ, ಬಾಯಿಮಾತು ಸಾಲದು.

ಓಡಿಸಿ ನೋಡೋಕೆ ನಿಮಗೆ ಬರದಿದ್ದರೆ ಬರುವವರನ್ನು ಕರೆದುಕೊಂಡು ಹೋಗಿ. ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್‌ಬಾಕ್ಸ್ ಬಿಚ್ಚಿಸುವ ಕೆಲಸ, ಬಿಟ್ಟುಬಿಡಿ. ಬ್ರೇಕ್ ಲಿವರ್ ಕೈಯಲ್ಲಿ ಮಿಡಿದರೆ ಡಿಸ್ಕ್ ಸೊಟ್ಟ.

ಕಲಿಯುವ ವಿಷಯ ಒಂದು ಹೇಳಲೇಬೇಕು. ಅಮೆರಿಕದಲ್ಲಿ 1981ರಲ್ಲಿ ಬಂದ ಹರ್ಟ್ ವರದಿಗಾಗಿ 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ಪರಿಶೀಲಿಸಿದ್ದರು. ಅವುಗಳಲ್ಲಿ ಸಿಕ್ಕಿಕೊಂಡ ಸವಾರರಲ್ಲಿ ಶೇ. 92ರಷ್ಟು ಜನ ತಾವೇ ಕಲಿತವರು, ಇಲ್ಲವೇ ಮನೆಯವರು ಗೆಳೆಯರ ಹತ್ತಿರ ಕಲಿತವರು. ಹಳೆಯ ವರದಿ ನಿಜ, ಆದರೆ ನಾನೂ ಹಾಗೇ ಕಲಿತವಳು. ಬ್ರೇಕ್ ಹೇಗೆ ಒತ್ತಬೇಕು ಅಂತ ಸರಿಯಾಗಿ ತಿಳಿದದ್ದು ಓಡಿಸೋಕೆ ಶುರು ಮಾಡಿದ ಏಳನೇ ವರ್ಷ, ತರಬೇತಿಗೆ ಹೋದಾಗ. ಹತ್ತಿರದಲ್ಲಿ ತರಬೇತಿ ಇದ್ದರೆ ಬೈಕಿನ ಏಳು ಪಾಲಿನಲ್ಲಿ ಸ್ವಲ್ಪ ಕಡಿಮೆ ಮಾಡಿಯಾದರೂ ಸೇರಿಕೊಳ್ಳಿ.

ನಾಲ್ಕನೇ ಗಾಡಿಯನ್ನು ತಗೊಂಡೆವು. 150 ಸಿಸಿ, 138 ಕೆ.ಜಿ., ಟ್ಯಾಂಕಿನ ಮೇಲೆ ಒಂದು ಸಣ್ಣ ತಗ್ಗು. ತೆಗೆದಿಟ್ಟ ಒಂದು ಪಾಲಿನಲ್ಲಿ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್ ಬದಲಾಯಿಸಿ, ಮುಂದಿನ ಟೈರ್ ಹೊಸದು ಹಾಕಿಸಿದೆವು. ಕ್ಲಚ್ ಲಿವರನ್ನು ಅವಳ ಬೆರಳಿಗೆ ಸರಿಯಾಗುವ ಹಾಗೆ ಕೂರಿಸಿದೆವು. ಮೊದಲ ವಾರ ಖಾಲಿ ಮೈದಾನದಲ್ಲಿ ಬರೀ ಮೊದಲ ಗೇರು. ಹೊರಡುವುದು, ಹತ್ತು ಮೀಟರ್ ಹೋಗುವುದು, ನಿಲ್ಲಿಸುವುದು, ಎಡಗಾಲು ಊರುವುದು. ದಿನಕ್ಕೆ ಐವತ್ತು ಸಲ. ನಿನ್ನೆ ಅದನ್ನೇ ಏರಿನಲ್ಲಿ ಶುರು ಮಾಡಿದ್ದಾಳೆ.